ಸ್ವಿಚ್‌ಬೋರ್ಡ್ ನೋಡಿ ಹಿಡಿದ ಕೋಣೆ

ರಾಣೆಬೆನ್ನೂರಿನಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ. ವೈರು, ಸ್ವಿಚ್ಚು, ಹೋಲ್ಡರು, ಫ್ಯಾನುಗಳ ಖರೀದಿಗಾಗಿ ಎರಡು ತಿಂಗಳಿಗೊಮ್ಮೆ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋಗಿಬರುವುದು ಹಲವು ವರ್ಷಗಳ ರೂಢಿ. ಭಾನುವಾರ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಸೋಮವಾರ ಬೆಳಿಗ್ಗೆ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿಯುತ್ತೇನೆ. ಸೋಮವಾರ, ಮಂಗಳವಾರ ಖರೀದಿ ಮುಗಿಸಿ ಮಂಗಳವಾರ ರಾತ್ರಿ ಅದೇ ಗಾಡಿಗೆ ಮರಳುತ್ತೇನೆ. ಈ ಎರಡು ದಿನಗಳಿಗೆ ನನಗೆ ಬೇಕಾದದ್ದು ಸ್ನಾನಕ್ಕೆ ಬಿಸಿನೀರು, ರಾತ್ರಿ ನಿದ್ದೆ ಕೊಡುವ ಹಾಸಿಗೆ, ಸ್ಯಾಂಪಲ್ಲಿನ ಚೀಲ ಇಡಲು ಬೀಗ ಬೀಳುವ ಜಾಗ, ಇಷ್ಟೇ. ಆದರೆ ಈ ಇಷ್ಟನ್ನು ಸರಿಯಾದ ಸ್ಥಳದಲ್ಲಿ ಹಿಡಿಯುವುದನ್ನು ಕಲಿಯಲು ನನಗೆ ಐದಾರು ಪ್ರಯಾಣಗಳೇ ಬೇಕಾದವು.

ಮೊದಮೊದಲು ಬಾಡಿಗೆಯೊಂದನ್ನೇ ನೋಡುತ್ತಿದ್ದೆ. ಪರಿಚಯದವರೊಬ್ಬರ ಮಾತು ಕೇಳಿ ಒಮ್ಮೆ ಹೊರವರ್ತುಲ ರಸ್ತೆಯ ಕಡೆಗೆ, ಮೆಜೆಸ್ಟಿಕ್‌ನ ದರಕ್ಕಿಂತ 300 ರೂಪಾಯಿ ಕಡಿಮೆಗೆ, ದೊಡ್ಡ ಕಿಟಕಿಯ ವಿಶಾಲವಾದ ಕೋಣೆಯನ್ನು ಹಿಡಿದೆ. ಕೋಣೆಯ ಬಗ್ಗೆ ಇಂದಿಗೂ ನನ್ನ ತಕರಾರಿಲ್ಲ. ಆದರೆ ಅಲ್ಲಿಂದ ಪೇಟೆಗೆ ಹೋಗುವಾಗಿನ ಆಟೊ, ಮಧ್ಯಾಹ್ನ ಸ್ಯಾಂಪಲ್ ಇಟ್ಟುಬರಲು ಮತ್ತೊಂದು ಆಟೊ, ಸಂಜೆಯ ವಾಹನದಟ್ಟಣೆಯಲ್ಲಿ ಮೂರನೆಯದು ಎಂದು ಉಳಿತಾಯವೆಲ್ಲ ಮೊದಲ ದಿನವೇ ಕರಗಿತು. ಅದಕ್ಕಿಂತ ಹೆಚ್ಚಾಗಿ, ಬೆಲೆ ಕುದುರಿಸಬೇಕಾದ ಹೊತ್ತಿನಲ್ಲಿ ನಾನು ಸಿಗ್ನಲ್ಲಿನಲ್ಲಿ ಕುಳಿತಿದ್ದೆ. ಅಂದಿನಿಂದ ಕೋಣೆಯನ್ನು ಚದರಡಿಯಲ್ಲಿ ಅಳೆಯುವುದನ್ನು ಬಿಟ್ಟು ನಡಿಗೆಯ ನಿಮಿಷಗಳಲ್ಲಿ ಅಳೆಯತೊಡಗಿದೆ. ಈಗ ನಾನು ಇಳಿಯುವ ವಸತಿಗೃಹ ಗಾಂಧಿನಗರದ ಒಂದು ಅಡ್ಡರಸ್ತೆಯಲ್ಲಿದೆ. ಅಲ್ಲಿಂದ ರೈಲು ನಿಲ್ದಾಣಕ್ಕೂ ಪೇಟೆಗೂ ಚೀಲ ಹೊತ್ತು ನಡೆದೇ ಹೋಗಬಹುದು. ಮಳೆ ಹಿಡಿದರೆ ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದಿಂದ ಹಸಿರು ಮಾರ್ಗದಲ್ಲಿ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ತೆರಿಗೆ ಕಚೇರಿಯದೋ ವಿಧಾನಸೌಧದ ಕಡೆಯದೋ ಕೆಲಸ ಬಿದ್ದರೆ ನೇರಳೆ ಮಾರ್ಗವೂ ಅಲ್ಲಿಯೇ ಸಿಗುತ್ತದೆ.

ಊರಿಂದೂರಿಗೆ ಬಂದವರನ್ನು ಇಳಿಸಿಕೊಳ್ಳುವುದು ಈ ಭಾಗಕ್ಕೆ ಹೊಸದೇನೂ ಅಲ್ಲ. ಇಂದಿನ ಕೆಂಪೇಗೌಡ ಬಸ್ ನಿಲ್ದಾಣವಿರುವುದು ಹಿಂದೆ ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ. ರೈಲು ನಿಲ್ದಾಣದ ಎದುರಿಗೆ ಗುಬ್ಬಿ ತೋಟದಪ್ಪನವರು ಪ್ರಯಾಣಿಕರಿಗಾಗಿ ಕಟ್ಟಿಸಿದ ಧರ್ಮಛತ್ರ 1903ರಲ್ಲಿ ಆರಂಭವಾಯಿತು. ಗಾಂಧಿನಗರದ ಮುಖ್ಯ ರಸ್ತೆಯೊಂದರ ಹೆಸರೇ ಸುಬೇದಾರ್ ಛತ್ರಂ ರಸ್ತೆ. ಛತ್ರಗಳ ಕಾಲ ಹೋಗಿ ಲಾಡ್ಜುಗಳ ಕಾಲ ಬಂದಿದ್ದರೂ ಬೆಳಗಿನ ಗಾಡಿಯಿಂದ ಇಳಿದವರ ಅಗತ್ಯ ಹೆಚ್ಚೇನೂ ಬದಲಾಗಿಲ್ಲ.

ನಿಲ್ದಾಣದ ಹೊರಬಾಗಿಲಲ್ಲಿ “ರೂಮ್ ಬೇಕಾ ಸಾರ್” ಎಂದು ಹಿಂದೆ ಬೀಳುವವರ ಜೊತೆ ನಾನು ಹೋಗುವುದಿಲ್ಲ. ಅವರ ಕಮಿಷನ್ ಕೊನೆಗೆ ನಮ್ಮ ಬಾಡಿಗೆಯಲ್ಲಿಯೇ ಸೇರಿರುತ್ತದೆ. ಎರಡು ದಿನ ಮೊದಲೇ ಫೋನ್ ಮಾಡಿ ಮೂರು ಪ್ರಶ್ನೆ ಕೇಳುತ್ತೇನೆ. ಮೊದಲನೆಯದು, ದಿನದ ಲೆಕ್ಕ 24 ಗಂಟೆಯದೋ, ಮಧ್ಯಾಹ್ನ 12ರಿಂದ 12ರದೋ ಎಂಬುದು. ಇದನ್ನು ಕೇಳದೆ ಒಮ್ಮೆ ಕೆಟ್ಟಿದ್ದೇನೆ. ಬೆಳಿಗ್ಗೆ 7ಕ್ಕೆ ಕೋಣೆ ಹಿಡಿದವನಿಗೆ ಅಂದೇ ಮಧ್ಯಾಹ್ನ 12ಕ್ಕೆ ಒಂದು ದಿನ ಮುಗಿಯಿತೆಂದು ಬರೆದು, ಬರೀ ಐದು ತಾಸಿನ ವಾಸಕ್ಕೆ ಒಂದು ಪೂರ್ತಿ ದಿನದ ಬಾಡಿಗೆ ಕಟ್ಟಿಸಿಕೊಂಡರು. ನಿಯಮವನ್ನು ಕೌಂಟರಿನ ಹಿಂದಿನ ಗೋಡೆಗೆ ಅಂಟಿಸಿಯೇ ಇದ್ದರು, ನಾನು ಓದಿರಲಿಲ್ಲ. ಹಾಗಾಗಿ ಜಗಳವಾಡಲೂ ದಾರಿಯಿರಲಿಲ್ಲ. ಎರಡನೆಯದು, ಬಿಸಿನೀರು ದಿನವಿಡೀ ಬರುತ್ತದೋ ಬೆಳಗಿನ ಹೊತ್ತು ಮಾತ್ರವೋ ಎಂಬುದು. ಮೂರನೆಯದು, ಕೋಣೆ ಬಿಟ್ಟ ಮೇಲೆ ಗಾಡಿಯ ಹೊತ್ತಿನವರೆಗೆ ಚೀಲ ಇಟ್ಟುಕೊಳ್ಳುತ್ತಾರೋ ಎಂಬುದು. ಇದಕ್ಕೆ ಒಪ್ಪಿದರೆ ನಾನು ಮಂಗಳವಾರ ಬೆಳಿಗ್ಗೆಯೇ ಕೋಣೆ ಖಾಲಿ ಮಾಡಿ ಎರಡನೆಯ ದಿನದ ಬಾಡಿಗೆ ಉಳಿಸುತ್ತೇನೆ.

ಫೋನಿನಲ್ಲಿ ಏನೇ ಹೇಳಿರಲಿ, ಕೋಣೆಯನ್ನು ನೋಡದೆ ಮುಂಗಡ ಕೊಡುವುದಿಲ್ಲ. ಕೌಂಟರಿನಲ್ಲಿರುವ ಕುಂದಾಪುರದ ಮ್ಯಾನೇಜರರಿಗೆ ಇದು ಮೊದಲ ಸಲ ಸರಿಬರಲಿಲ್ಲ. “ನೋಡಿಯೇ ಹಿಡಿಯಬೇಕಾ ಮಾರಾಯ್ರೆ? ನಮ್ಮಲ್ಲಿ ಎಲ್ಲ ರೂಮೂ ಒಂದೇ” ಎಂದರು. “ಹಂಗಿದ್ರ ಯಾವುದರ ಕೀಲಿ ಕೊಟ್ರೂ ನಡೀತೈತ್ರಿ, ನೋಡಿ ಬರ್ತೀನಿ” ಎಂದೆ. ನಕ್ಕು ಎರಡು ಕೀಲಿ ಕೊಟ್ಟರು.

ಬೇರೆಯವರು ಕೋಣೆಗೆ ಹೋದೊಡನೆ ಹಾಸಿಗೆ ನೋಡುತ್ತಾರೆ, ನಾನು ಸ್ವಿಚ್‌ಬೋರ್ಡ್ ನೋಡುತ್ತೇನೆ. ಇದು ಕಸುಬಿನ ಚಾಳಿ ಎನ್ನಬಹುದು, ಆದರೆ ಅದಕ್ಕೊಂದು ಕಾರಣವೂ ಇದೆ. 2 ಕಿಲೋವಾಟಿನ ಗೀಸರ್ 230 ವೋಲ್ಟಿನಲ್ಲಿ 8.7 ಆಂಪಿಯರಿನಷ್ಟು ಕರೆಂಟ್ ಎಳೆಯುವುದರಿಂದ ಅದಕ್ಕೆ 16 ಆಂಪಿಯರಿನ ದಪ್ಪ ಪಿನ್ನಿನ ಸಾಕೆಟ್ಟೇ ಬೇಕು. ಒಂದು ಲಾಡ್ಜಿನಲ್ಲಿ ಪಿನ್ ಬದಲಿಸಿ ಅದನ್ನು 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಸಿಕ್ಕಿಸಿದ್ದರು. ಬೆಳಗಿನ 5 ಗಂಟೆಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಗೆ ಎಚ್ಚರವಾಗಿ ನೋಡಿದರೆ ಸಾಕೆಟ್ಟಿನ ಒಂದು ತೂತು ಕರಗಿ ಬಾಯಿ ತೆರೆದಿತ್ತು, ಸುತ್ತಲಿನ ಬಿಳಿ ತಟ್ಟೆ ಕಂದುಬಣ್ಣಕ್ಕೆ ತಿರುಗಿತ್ತು. ಮೇನ್ ಆರಿಸಿ, ತಣ್ಣೀರಿನಲ್ಲಿ ಮಿಂದು, ಅಂದೇ ಜಾಗ ಬದಲಿಸಿದೆ. ಸಾಕೆಟ್ಟಿನ ತೂತಿನ ಬಳಿ ಕಪ್ಪು ಕಂಡರೆ ಆ ಕೋಣೆ ನನಗೆ ಬೇಡ. ಮಹಡಿಯ ಡಿಸ್ಟ್ರಿಬ್ಯೂಷನ್ ಬಾಕ್ಸ್ ಕಣ್ಣಿಗೆ ಬಿದ್ದರೆ ಕರೆಂಟ್ ಸೋರಿದೊಡನೆ ತಾನೇ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದೂ ನೋಡುತ್ತೇನೆ. ಒದ್ದೆ ಕೈಯಲ್ಲಿ ಗೀಸರ್ ಮುಟ್ಟುವವರ ಜೀವ ಉಳಿಸುವ ಸಾಮಾನು ಅದು. ಅದನ್ನು ಹಾಕಿಸಿದ ಮಾಲೀಕರು ಉಳಿದ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡಿಸಿರುವುದನ್ನು ಹೆಚ್ಚಾಗಿ ಕಂಡಿದ್ದೇನೆ.

ಹಾಸಿಗೆಯ ಸರದಿ ಆಮೇಲೆ. ಚಾದರದ ಮೂಲೆಯನ್ನು ಎತ್ತಿ, ಗಾದಿಯ ಹೊಲಿಗೆಯ ಉದ್ದಕ್ಕೂ ಮೊಬೈಲಿನ ಟಾರ್ಚ್ ಹಾಯಿಸುತ್ತೇನೆ. ಶಾಯಿಯ ಹನಿಯಂಥ ಕಪ್ಪು ಚುಕ್ಕೆಗಳಿದ್ದರೆ ತಿಗಣೆ ಇದೆಯೆಂದೇ ಅರ್ಥ, ಸಮಜಾಯಿಷಿ ಕೇಳಬೇಕಾಗಿಲ್ಲ. ರಸ್ತೆಯ ಕಡೆಯ ಕೋಣೆಗಿಂತ ಹಿಂಬದಿಯದು ಲೇಸು, ಏಕೆಂದರೆ ಮೆಜೆಸ್ಟಿಕ್‌ನ ಬಸ್ಸುಗಳಿಗೆ ರಾತ್ರಿ ಎಂಬುದಿಲ್ಲ. ಆದರೆ ಹಿಂಬದಿಯಲ್ಲಿ ಜನರೇಟರ್ ಇದ್ದರೆ ಈ ಮಾತು ತಲೆಕೆಳಗಾಗುತ್ತದೆ. ಕಿಟಕಿಯಿಂದ ಒಮ್ಮೆ ಬಗ್ಗಿ ನೋಡಬೇಕು. ಕೆಳಗೆ ಹೋಟೆಲಿದ್ದರೆ ಮೊದಲ ಮಹಡಿ ಬೇಡ, ಬೇಸಿಗೆಯಲ್ಲಿ ಕೊನೆಯ ಮಹಡಿಯೂ ಬೇಡ.

ಗುರುತಿಗೆಂದು ಆಧಾರ್ ಕೇಳಿದಾಗ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿಯನ್ನು ಕೊಡುತ್ತೇನೆ. ಬಿಲ್ಲಿನಲ್ಲಿ ಅಂಗಡಿಯ ಹೆಸರನ್ನೂ ಜಿಎಸ್‌ಟಿ ಸಂಖ್ಯೆಯನ್ನೂ ಬರೆಸುತ್ತೇನೆ. ದಿನಕ್ಕೆ 1,000 ರೂಪಾಯಿಯೊಳಗಿನ ಕೋಣೆಗಳಿಗೆ ಮೊದಲು ತೆರಿಗೆಯಿರಲಿಲ್ಲ. 2022ರ ಜುಲೈ 18ರಿಂದ ಅವಕ್ಕೂ 12 ಪ್ರತಿಶತ ಬಂತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗಳಿಗೆ ಅದು 5 ಪ್ರತಿಶತಕ್ಕೆ ಇಳಿದಿದೆ. ಕಳೆದ ಸಲ 1,300ರ ಕೋಣೆಗೆ ನಾನು ಕಟ್ಟಿದ್ದು 1,365 ರೂಪಾಯಿ. ಹಳೆಯ ದರದಲ್ಲಿ ಅದು 1,456 ಆಗುತ್ತಿತ್ತು. ಇಳಿದ ದರ ಕೌಂಟರಿನ ಹಳೆಯ ಬಿಲ್‌ಬುಕ್ಕಿಗೆ ಗೊತ್ತಿರುವುದಿಲ್ಲ, ಆದ್ದರಿಂದ ಹಣ ಕೊಡುವ ಮುಂಚೆ ಆ ಸಾಲನ್ನು ಓದಿಕೊಳ್ಳುತ್ತೇನೆ.

ಲಾಡ್ಜ್ ಸಿಗದ ಮದುವೆಯ ದಿನಗಳಲ್ಲಿ ರೈಲು ನಿಲ್ದಾಣದ ವಿಶ್ರಾಂತಿ ಕೋಣೆಯನ್ನೂ ಬಳಸಿದ್ದೇನೆ. ಟಿಕೆಟ್ಟಿನ ಪಿಎನ್‌ಆರ್ ಸಂಖ್ಯೆ ಕೊಟ್ಟು ಮೊದಲೇ ಕಾದಿರಿಸಿಕೊಳ್ಳಬೇಕು. ಸ್ಥಳದ ಅನುಕೂಲದಲ್ಲಿ ಅದನ್ನು ಮೀರಿಸುವುದು ಯಾವುದೂ ಇಲ್ಲ, ಆದರೆ ಗಾಡಿಗಳ ಘೋಷಣೆಯ ನಡುವೆ ನನಗಂತೂ ನಿದ್ದೆ ಬರಲಿಲ್ಲ.

ಖರೀದಿಯ ಭಾರದ ಸಾಮಾನನ್ನು ಅಂಗಡಿಯಿಂದಲೇ ಲಾರಿ ಆಫೀಸಿಗೆ ಕಳಿಸಿಬಿಡುತ್ತೇನೆ. ಸ್ಯಾಂಪಲ್ಲಿನ ಚೀಲ ಮಾತ್ರ ಮಂಗಳವಾರವಿಡೀ ಲಾಡ್ಜಿನ ಮೆಟ್ಟಿಲಡಿಯಲ್ಲಿ, ಸೀಮೆಸುಣ್ಣದಲ್ಲಿ ಕೋಣೆಯ ಸಂಖ್ಯೆ ಬರೆಸಿಕೊಂಡು ಕುಳಿತಿರುತ್ತದೆ. ರಾತ್ರಿ ಒಂಬತ್ತಕ್ಕೆ ಪಕ್ಕದ ಖಾನಾವಳಿಯಲ್ಲಿ ಜೋಳದ ರೊಟ್ಟಿ ಉಂಡು, ರೂಮ್‌ಬಾಯ್‌ಗೆ ಐವತ್ತು ರೂಪಾಯಿ ಕೊಟ್ಟು ಚೀಲ ಎತ್ತಿಕೊಂಡರೆ, ಹನ್ನೊಂದರ ಸುಮಾರಿನ ಗಾಡಿಗೆ ನಡೆದು ಹೋಗಲು ಬೇಕಾದಷ್ಟು ಸಮಯವಿರುತ್ತದೆ.