ಗೋದಾಮು ನೋಡಲು ಹೊರಟಿರಾ? ಸ್ಲೈಡ್ ಸಾಕು, ಡಾಕ್‌ಗೆ ನಡೆಯಿರಿ

ಸಪ್ಲೈ ಚೈನ್, ಲಾಜಿಸ್ಟಿಕ್ಸ್‌ನಲ್ಲಿ ಕೆಲಸ ಮಾಡುವವರು ಬಸ್ ಮಾಡಿಕೊಂಡು ಇನ್ನೊಬ್ಬರ ಗೋದಾಮು, ಕಾರ್ಖಾನೆ, ಬಂದರು ನೋಡಲು ಹೋಗುತ್ತಾರೆ. ಒಳ್ಳೆಯದೇ. ಆದರೆ ಇಂಥ ಟೂರ್‌ಗಳಲ್ಲಿ ಹೆಚ್ಚಿನವು ಮುಗಿಯುವುದು ಒಂದೇ ಥರ. ಬಸ್ ಹನ್ನೊಂದಕ್ಕೆ ತಲುಪುತ್ತದೆ, ಗೇಟಿನಲ್ಲಿ ಮುಕ್ಕಾಲು ಗಂಟೆ ಹೋಗುತ್ತದೆ, ಆಮೇಲೆ ಹೂಗುಚ್ಛ, ಎಸಿ ರೂಮು, ಕಂಪನಿಯ ಇತಿಹಾಸದ ಸ್ಲೈಡ್‌ಗಳು, ಸಮೋಸ, ನೆಲದ ಹಳದಿ ಗೆರೆ ಮೇಲೆ ಇಪ್ಪತ್ತು ನಿಮಿಷದ ಮೆರವಣಿಗೆ, ಗ್ರೂಪ್ ಫೋಟೊ. ಏನು ಕಲಿತಿರಿ ಅಂತ ಕೇಳಿದರೆ 'ತುಂಬಾ ಕ್ಲೀನ್ ಆಗಿತ್ತು' ಅನ್ನುತ್ತಾರೆ. ಅಷ್ಟಕ್ಕೆ ಒಂದು ದಿನ ಯಾಕೆ ಹಾಳು ಮಾಡಬೇಕು, ಅಲ್ವಾ?

ಟೂರ್ ಏರ್ಪಾಡು ಮಾಡುವ ಕೆಲಸ ನಿಮ್ಮ ತಲೆಗೆ ಬಂದಿದ್ದರೆ ಹೀಗೆ ಮಾಡಿ.

1. ಮೊದಲು ಪ್ರಶ್ನೆ, ಆಮೇಲೆ ಜಾಗ

'ಎಲ್ಲಿಗೆ ಹೋಗೋಣ' ಅಂತ ಗ್ರೂಪಿನಲ್ಲಿ ವೋಟಿಂಗ್ ಇಡಬೇಡಿ. ದೊಡ್ಡ ಹೆಸರಿನ ಕಂಪನಿಯೇ ಗೆಲ್ಲುತ್ತದೆ. ನಿಮ್ಮನ್ನು ಕಾಡುತ್ತಿರುವ ಒಂದು ತೊಂದರೆ ಏನು ಅಂತ ಬರೆಯಿರಿ. ಮಾಲು ಏರಿಸಿ ಇಳಿಸುವ ಕಟ್ಟೆಯಲ್ಲಿ, ಅಂದರೆ ಡಾಕ್‌ನಲ್ಲಿ, ಲಾರಿಗಳು ಗಂಟೆಗಟ್ಟಲೆ ನಿಲ್ಲುತ್ತಿವೆಯಾ? ಹಾಗಾದರೆ ನೆಲಮಂಗಲ, ದಾಬಸ್‌ಪೇಟೆ ಅಥವಾ ಹೊಸಕೋಟೆ ಕಡೆಯ ದೊಡ್ಡ ಗೋದಾಮು. ರಫ್ತಿನ ಕಂಟೇನರ್ ತಡವಾಗುತ್ತಿದೆಯಾ? ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೊ. ಸಮುದ್ರ ಹಡಗಿನ ಕಂಟೇನರನ್ನು ರೈಲಿನಲ್ಲಿ ಒಳನಾಡಿಗೆ ತಂದದ್ದು ನಮ್ಮ ದೇಶದಲ್ಲಿ ಮೊದಲು ಬೆಂಗಳೂರಿಗೇ, 1981ರಲ್ಲಿ. ಇಲ್ಲಿನ ಲಾಜಿಸ್ಟಿಕ್ಸ್‌ನವರಲ್ಲಿ ಎಷ್ಟೋ ಜನ ಆ ಡಿಪೊದ ಗೇಟನ್ನೂ ನೋಡಿರುವುದಿಲ್ಲ.

ಸೀಸನ್ ಮಾಲು ಒಮ್ಮೆಲೇ ನುಗ್ಗಿದರೆ ಏನು ಮಾಡಬೇಕು ಅನ್ನುವುದು ಪ್ರಶ್ನೆಯಾದರೆ ಜನವರಿಯಿಂದ ಮಾರ್ಚ್ ನಡುವೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗಿ. ಯಾವ ಎಸಿ ಗೋದಾಮೂ ಕಲಿಸದ್ದನ್ನು ಅದು ಕಲಿಸುತ್ತದೆ. ರಸ್ತೆ ಬಿಟ್ಟು ರೈಲು ಅಂತ ಯೋಚಿಸುತ್ತಿದ್ದರೆ ಸುರತ್ಕಲ್‌ಗೆ ಹೋಗಿ. ಲಾರಿಯನ್ನು ಮಾಲಿನ ಸಮೇತ ಗೂಡ್ಸ್ ವ್ಯಾಗನ್ ಮೇಲೆ ಹತ್ತಿಸುವ ಕೊಂಕಣ ರೈಲ್ವೆಯ ರೋ-ರೋ ಸೇವೆ 1999ರಲ್ಲಿ ಶುರುವಾದದ್ದು.

ಒಂದು ದಿನಕ್ಕೆ ಒಂದೇ ಜಾಗ. 'ಹೇಗೂ ಹೋಗ್ತಿದ್ದೀವಿ, ಪಕ್ಕದ್ದೂ ನೋಡೋಣ' ಅನ್ನುವವರ ಮಾತು ಕೇಳಬೇಡಿ.

2. ಅನುಮತಿ

ಕನಿಷ್ಠ ಒಂದು ತಿಂಗಳು ಮೊದಲೇ ಪತ್ರ ಬರೆಯಿರಿ. ಇಲ್ಲಿ ಜನ ಮರೆಯುವ ಒಂದು ವಿಷಯವಿದೆ. ಗೋದಾಮು ನಡೆಸುವವರು ಬೇರೆ, ಮಾಲಿನ ಒಡೆಯರು ಬೇರೆ ಇರುತ್ತಾರೆ. ನಡೆಸುವವರು ಖುಷಿಯಿಂದ 'ಬನ್ನಿ' ಅಂದಿರುತ್ತಾರೆ. ಹೊರಡುವ ಹಿಂದಿನ ಸಂಜೆ ಮಾಲಿನ ಒಡೆಯರ ಕಡೆಯಿಂದ ಫೋನ್ ಬರುತ್ತದೆ, ನಿಮ್ಮ ಗುಂಪಿನಲ್ಲಿ ನಮ್ಮ ಪ್ರತಿಸ್ಪರ್ಧಿ ಕಂಪನಿಯವರಿದ್ದಾರೆ, ಬರುವಂತಿಲ್ಲ ಅಂತ. ಅದಕ್ಕೇ ಪಟ್ಟಿಯಲ್ಲಿ ಹೆಸರಿನ ಪಕ್ಕ ಕಂಪನಿಯ ಹೆಸರನ್ನೂ ಮೊದಲೇ ಕೊಟ್ಟುಬಿಡಿ, ಇಬ್ಬರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಿರಿ.

ಬಂದರು, ಕಸ್ಟಮ್ಸ್ ಇರುವ ಜಾಗವಾದರೆ ಇನ್ನೂ ಬಿಗಿ. ಹಡಗು ಮತ್ತು ಬಂದರುಗಳ ಅಂತರರಾಷ್ಟ್ರೀಯ ಭದ್ರತಾ ನಿಯಮ 2004ರಲ್ಲಿ ಜಾರಿಗೆ ಬಂದ ಮೇಲೆ ಪಣಂಬೂರಿನಂಥ ಬಂದರಿಗೆ ಸುಮ್ನೆ ಹೋಗಿ ಇಣುಕುವ ಕಾಲ ಮುಗಿಯಿತು. ಗೇಟಿನಲ್ಲಿರುವ ಸಿಐಎಸ್‌ಎಫ್‌ನವರು ಪಟ್ಟಿಯ ಹೆಸರು, ಗುರುತಿನ ಚೀಟಿಯ ಹೆಸರು ಎರಡನ್ನೂ ಹೋಲಿಸಿ ನೋಡುತ್ತಾರೆ. ಪಟ್ಟಿಯಲ್ಲಿ 'ಮಂಜು', ಆಧಾರ್‌ನಲ್ಲಿ 'ಮಂಜುನಾಥ ಎಚ್.' ಅಂತ ಇದ್ದರೆ ಇಡೀ ಬಸ್ ಕಾಯಬೇಕಾಗುತ್ತದೆ. ಆಧಾರ್‌ನಲ್ಲಿ ಇರುವಂತೆಯೇ ಟೈಪ್ ಮಾಡಿ ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಆಧಾರ್ ಫೋಟೊಗಳನ್ನು ಹಾಗೇ ದಾಟಿಸಬೇಡಿ. ಪೆನ್ ಡ್ರೈವ್, ಲ್ಯಾಪ್‌ಟಾಪ್ ಬಸ್‌ನಲ್ಲೇ ಇರಲಿ.

3. ಹೊತ್ತು

ಕೆಲಸ ನಡೆಯುವ ಹೊತ್ತಿಗೆ ಹೋಗದಿದ್ದರೆ ಅದು ಮದುವೆ ಮನೆಗೆ ಊಟ ಮುಗಿದ ಮೇಲೆ ಹೋದ ಹಾಗೆ. ಬೆಳಗ್ಗೆ ಹನ್ನೊಂದು ಗಂಟೆ ಅತಿಥಿಗಳಿಗೆ ಅನುಕೂಲ, ಗೋದಾಮಿಗಲ್ಲ. ಸೋಪು, ಬಿಸ್ಕತ್ತಿನಂಥ ದಿನಬಳಕೆ ಮಾಲಿನ ಗೋದಾಮುಗಳಲ್ಲಿ ಸಾಮಾನ್ಯವಾಗಿ ಬೆಳಗ್ಗೆ ಮಾಲು ಇಳಿಯುತ್ತದೆ, ಮಧ್ಯಾಹ್ನದ ಮೇಲೆ ಲೋಡಿಂಗ್. ಆನ್‌ಲೈನ್ ಆರ್ಡರ್‌ಗಳ ಸಾರ್ಟಿಂಗ್ ಸೆಂಟರ್‌ಗೆ ಜೀವ ಬರುವುದು ರಾತ್ರಿ. ಹಾಲಿನ ಡೇರಿಯಾದರೆ ಬೆಳಗಿನ ಜಾವ ಮೂರಕ್ಕೆ ನಿಂತಿರಬೇಕು. ಬ್ಯಾಡಗಿಯಲ್ಲಿ ವಹಿವಾಟು ಸೋಮವಾರ ಮತ್ತು ಗುರುವಾರ. ಬುಧವಾರ ಹೋದರೆ ಖಾಲಿ ಅಂಗಳ, ಘಾಟು ಎರಡೇ. ಬಂದರಿಗೆ ಹೋಗುವುದಾದರೆ ಆ ದಿನ ಯಾವ ಹಡಗು ಯಾವ ಬರ್ತ್‌ನಲ್ಲಿ (ಹಡಗು ನಿಲ್ಲುವ ಕಟ್ಟೆ) ಇದೆ ಅಂತ ಹಿಂದಿನ ದಿನವೇ ವಿಚಾರಿಸಿ.

ತಿಂಗಳ ಕೊನೆಯ ಮೂರು ದಿನ ಯಾರೂ ಒಪ್ಪುವುದಿಲ್ಲ, ಮಾರಾಟದವರ ಟಾರ್ಗೆಟ್ ಎಲ್ಲ ಆಗಲೇ ಡಾಕ್ ಮೇಲೆ ಬಂದು ಬೀಳುತ್ತದೆ. ಮೊದಲ ವಾರ ಹೋದರೆ ನೋಡಲು ಏನೂ ಇರುವುದಿಲ್ಲ. 20ರಿಂದ 25ನೇ ತಾರೀಖಿನ ನಡುವೆ ಕೇಳಿ.

4. ಶೂ, ಹೆಲ್ಮೆಟ್

ಸೇಫ್ಟಿ ಶೂ ಅಂತ ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಸರಕಿನಲ್ಲಿ ಎಷ್ಟೋ ಸಲ ಮುಂದೆ ಉಕ್ಕಿನ ಟೋಪಿಯೇ ಇರುವುದಿಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿ, ತಗ್ಗಿದರೆ ಅದು ಬರೀ ಕಪ್ಪು ಬೂಟು. ಶೂ ಮೇಲೆ ಐಎಸ್ 15298, ಹೆಲ್ಮೆಟ್ ಮೇಲೆ ಐಎಸ್ 2925 ಗುರುತು ಇರಲಿ. ತಲಾ ಒಬ್ಬರಿಗೆ ಇಯರ್‌ಫೋನ್ ಕೊಟ್ಟು ಗೈಡ್ ಮೈಕಿನಲ್ಲಿ ಮಾತಾಡುವ ಬಾಡಿಗೆ ಸೆಟ್‌ಗಳು ಬರುತ್ತವಲ್ಲ, ಅವಕ್ಕೆ ದುಡ್ಡು ಸುರಿಯಬೇಡಿ. ಅರ್ಧಕ್ಕರ್ಧ ಚಾರ್ಜ್ ಆಗಿರುವುದಿಲ್ಲ. ಅದೂ ಅಲ್ಲದೆ, ಮಾಲು ಎತ್ತುವ ಗಾಡಿ ಫೋರ್ಕ್‌ಲಿಫ್ಟ್‌ನ ಹಾರ್ನ್ ಕೇಳಿಸದಂತೆ ಕಿವಿ ಮುಚ್ಚಿಕೊಂಡು ನಡೆಯುವುದು ಅಪಾಯ.

5. ಬಸ್, ತಿಂಡಿ

ತಿಂಡಿ ದಾರಿಯಲ್ಲೇ ಮುಗಿಸಿ. ಅಷ್ಟೇ.

6. ಫ್ಲೋರ್ ಮೇಲೆ

ಎಲ್ಲರೂ ಕೆಡಿಸುವುದು ಇಲ್ಲೇ. ನಲವತ್ತು ಜನ ಒಟ್ಟಿಗೆ ನಡೆದರೆ ಮುಂದಿನ ಐದು ಜನಕ್ಕೆ ಮಾತ್ರ ಕೇಳಿಸುತ್ತದೆ, ಹಿಂದಿನವರು ರೀಲ್ ಮಾಡುತ್ತಾರೆ. ಆರೇಳು ಜನರ ಗುಂಪು ಮಾಡಿ. ಒಂದೊಂದು ಗುಂಪು ಒಂದೊಂದು ಕಡೆಯಿಂದ ಶುರು ಮಾಡಲಿ. ಸ್ಲೈಡ್ ಶೋ ಇರಲೇಬೇಕು ಅಂತ ಆತಿಥೇಯರು ಹಟ ಹಿಡಿದರೆ ಕೊನೆಗೆ ಇಟ್ಟುಕೊಳ್ಳಿ ಅನ್ನಿ. ಕಣ್ಣಾರೆ ನೋಡಿ ಬಂದವರಿಗೆ ಆಗ ಕೇಳಲು ಏನಾದರೂ ಇರುತ್ತದೆ.

ಶುರು ಮಾಡಬೇಕಾದದ್ದು ಗೇಟಿನ ರಿಜಿಸ್ಟರ್‌ನಿಂದ. ಲಾರಿ ಗೇಟಿಗೆ ಬಂದ ಸಮಯ, ಡಾಕ್‌ಗೆ ಹಚ್ಚಿದ ಸಮಯ, ಹೊರಗೆ ಹೋದ ಸಮಯ, ಈ ಮೂರನ್ನು ನೋಡಿ. ನಮ್ಮಲ್ಲಿ ಲೋಡಿಂಗ್ 45 ನಿಮಿಷ ಅಂತ ಮ್ಯಾನೇಜರ್ ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ಅವರು ಎಣಿಸುವುದು ಡಾಕ್‌ಗೆ ಹಚ್ಚಿದ ಮೇಲಿನ ಹೊತ್ತು. ಅದಕ್ಕೂ ಮುಂಚೆ ಲಾರಿ ಹೊರಗೆ ಧೂಳಿನಲ್ಲಿ ಐದು ಗಂಟೆ ನಿಂತದ್ದು ಗೇಟಿನ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಹೊರಗೆ ನಿಂತಿರುವ ಡ್ರೈವರ್‌ಗಳ ಹತ್ತಿರ ಐದು ನಿಮಿಷ ಮಾತಾಡಿ. ಬಂದು ಎಷ್ಟು ಹೊತ್ತಾಯ್ತು, ಕಾದದ್ದಕ್ಕೆ ದುಡ್ಡು (ಹಾಲ್ಟಿಂಗ್) ಕೊಡ್ತಾರಾ, ಸ್ನಾನ, ಶೌಚಕ್ಕೆ ಜಾಗ ಇದೆಯಾ. ಆ ಗೋದಾಮು ಹೇಗೆ ನಡೆಯುತ್ತಿದೆ ಅಂತ ಅರ್ಧ ಅಲ್ಲೇ ಗೊತ್ತಾಗುತ್ತದೆ.

ಒಳಗೆ ಹೋದ ಮೇಲೆ ಎಲ್ಲವನ್ನೂ ನೋಡಲು ಹೋಗಬೇಡಿ. ಒಂದು ಡಬ್ಬಿ ಆರಿಸಿಕೊಳ್ಳಿ, ಅದರ ಹಿಂದೆ ಹೋಗಿ. ಲಾರಿಯಿಂದ ಇಳಿಯುತ್ತದೆ, ಯಾರೋ ಸ್ಕ್ಯಾನ್ ಮಾಡುತ್ತಾರೆ, ಮಾಲು ಪೇರಿಸುವ ಹಲಗೆ, ಅಂದರೆ ಪ್ಯಾಲೆಟ್ ಮೇಲೆ ಕೂರುತ್ತದೆ, ಎತ್ತರಕ್ಕೆ ಎತ್ತುವ ಗಾಡಿ ರೀಚ್ ಟ್ರಕ್ ಅದನ್ನು ಎತ್ತಿ ರ್‍ಯಾಕ್‌ಗೆ ಸೇರಿಸುತ್ತದೆ. ಎಲ್ಲೆಲ್ಲಿ ಡಬ್ಬಿ ಸುಮ್ಮನೆ ಕೂತಿದೆ ಅಂತ ಗಡಿಯಾರ ನೋಡಿ ಬರೆದುಕೊಳ್ಳಿ. ಕೈ ಕೆಲಸಕ್ಕಿಂತ ಕಾಯುವುದೇ ಜಾಸ್ತಿ ಅನ್ನುವುದು ನಿಮ್ಮ ಪುಸ್ತಕದಲ್ಲೇ ಕಾಣಿಸುತ್ತದೆ.

ಕಂಪ್ಯೂಟರ್ ಪಕ್ಕ ನೋಟ್‌ಬುಕ್ ಇದೆಯಾ ಅಂತ ಗಮನಿಸಿ. ಮೂಲೆ ಸುರುಟಿದ, ರಬ್ಬರ್ ಬ್ಯಾಂಡ್ ಹಾಕಿದ ಒಂದು ಉದ್ದ ನೋಟ್‌ಬುಕ್ ಇದ್ದೇ ಇರುತ್ತದೆ. ದುಬಾರಿ ಸಾಫ್ಟ್‌ವೇರ್ ಮಾಡದ ಕೆಲಸವನ್ನು ಅದು ಮಾಡುತ್ತಿರುತ್ತದೆ. ಅದನ್ನು ತೋರಿಸಿ ಇದರಲ್ಲಿ ಏನು ಬರೀತೀರಿ ಅಂತ ನಗುತ್ತಾ ಕೇಳಿ. ಎಷ್ಟು ಚದರಡಿ, ಎಷ್ಟು ಪ್ಯಾಲೆಟ್ ಜಾಗ ಅನ್ನುವುದೆಲ್ಲ ವೆಬ್‌ಸೈಟಿನಲ್ಲೇ ಸಿಗುತ್ತದೆ, ಅದಕ್ಕೆ ಬಾಯಿ ಸವೆಸಬೇಡಿ. ನಿನ್ನೆ ಯಾವ ಲಾರಿ ತಡವಾಯ್ತು, ಯಾಕೆ ಅಂತ ಕೇಳಿ.

ರ್‍ಯಾಕ್‌ನ ಕಂಬಗಳ ಬುಡ ನೋಡಿ. ಹಳದಿ ಗಾರ್ಡ್ ಸೊಟ್ಟಗಾಗಿದ್ದರೆ ದಾರಿ ಇಕ್ಕಟ್ಟು ಅಥವಾ ಫೋರ್ಕ್‌ಲಿಫ್ಟ್‌ನವರಿಗೆ ವಿಪರೀತ ಅವಸರ. ಡ್ಯಾಮೇಜ್ ಮಾಲು ಇಡುವ ಜಾಲರಿಯ ಕೋಣೆ ತೋರಿಸಿ ಅನ್ನಿ. ಅಲ್ಲಿ ಆರು ತಿಂಗಳ ಹಿಂದಿನ ತಾರೀಖಿನ ಚೀಟಿ ಇದ್ದರೆ ಮರಳಿ ಬಂದ ಮಾಲಿನ ಲೆಕ್ಕ ಯಾರೂ ಮುಗಿಸಿಲ್ಲ ಅಂತ ಅರ್ಥ. ಡಿಸ್ಪ್ಯಾಚ್ ಮೇಜಿನ ಹತ್ತಿರ ಹತ್ತು ನಿಮಿಷ ನಿಲ್ಲಿ. ಮಾಲು ಸಾಗಿಸಲು ಬೇಕಾದ ಜಿಎಸ್‌ಟಿಯ ಆನ್‌ಲೈನ್ ಚೀಟಿ, ಇ-ವೇ ಬಿಲ್, ಅದರ ಅವಧಿ 200 ಕಿ.ಮೀ.ಗೆ ಒಂದು ದಿನ. ದಾರಿಯಲ್ಲಿ ಲಾರಿ ಕೆಟ್ಟು ಮಾಲು ಬೇರೆ ಗಾಡಿಗೆ ಹೋದರೆ ಆ ಬಿಲ್‌ನಲ್ಲಿ ಹೊಸ ಗಾಡಿಯ ನಂಬರ್ ಹಾಕುವವರು ಯಾರು, ರಾತ್ರಿ ಎರಡಕ್ಕೆ ಫೋನ್ ಎತ್ತುವವರು ಯಾರು ಅಂತ ಕೇಳಿ. ಉತ್ತರ ತಟ್ಟನೆ ಬಂದರೆ ಒಳ್ಳೆಯ ಗೋದಾಮು.

ಕಂಟೇನರ್ ಡಿಪೊದಲ್ಲಿ ಇನ್ನೊಂದು ಆಟ. ಬಾಗಿಲ ಮೇಲಿನ ನಂಬರ್ ಓದಿ. ನಾಲ್ಕು ಅಕ್ಷರ, ಏಳು ಅಂಕಿ. ಕೊನೆಯ ಅಂಕಿಯ ಸುತ್ತ ಚೌಕ ಇರುತ್ತದೆ. ಅದು ಉಳಿದದ್ದೆಲ್ಲ ಸರಿಯಾಗಿದೆಯಾ ಅಂತ ತಾಳೆ ನೋಡುವ ಅಂಕಿ, ಒಂದು ಅಕ್ಷರ ತಪ್ಪು ಟೈಪ್ ಮಾಡಿದರೂ ಸಾಮಾನ್ಯವಾಗಿ ಲೆಕ್ಕ ಕೂಡುವುದಿಲ್ಲ. ಖಾಲಿ ಕಂಟೇನರ್ ಒಳಗೆ ನಿಲ್ಲಲು ಬಿಟ್ಟರೆ ಆ ಅವಕಾಶ ಕಳೆದುಕೊಳ್ಳಬೇಡಿ. 1200 ಬೈ 1000 ಮಿಲಿಮೀಟರ್ ಪ್ಯಾಲೆಟ್ 20 ಅಡಿಯದರಲ್ಲಿ ಹತ್ತೇ ಯಾಕೆ ಹಿಡಿಯುತ್ತದೆ ಅನ್ನುವುದು ಟೇಪ್ ಹಿಡಿದು ಅಳೆದರೆ ಎರಡೇ ನಿಮಿಷದಲ್ಲಿ ಹೊಳೆಯುತ್ತದೆ.

ಪಿಕಿಂಗ್, ಅಂದರೆ ಆರ್ಡರ್ ನೋಡಿ ಮಾಲು ಆರಿಸುವ ಕೆಲಸ ಮಾಡುವ ಹುಡುಗ ಹುಡುಗಿಯರನ್ನು ನಿಲ್ಲಿಸಿ ಮಾತಾಡಿಸಬೇಡಿ. ಅವರಿಗೆ ಗಂಟೆಗೆ ಇಷ್ಟು ಅಂತ ಲೆಕ್ಕ ಇರುತ್ತದೆ, ನಿಮ್ಮ ಕುತೂಹಲಕ್ಕೆ ಬೈಸಿಕೊಳ್ಳುವವರು ಅವರು. ಟೀ ಹೊತ್ತಿನ ತನಕ ಕಾಯಿರಿ. ಕೋಲ್ಡ್ ಸ್ಟೋರೇಜ್ ಆದರೆ ಬಾಗಿಲಲ್ಲಿ ನಿಂತು ವಿವರಣೆ ಕೇಳುವುದು ಬೇಡವೇ ಬೇಡ. ಲಸಿಕೆ ಇಡುವುದು 2ರಿಂದ 8 ಡಿಗ್ರಿಯಲ್ಲಿ, ಐಸ್ ಕ್ರೀಂ ಮೈನಸ್ 18 ಅಥವಾ ಅದಕ್ಕೂ ಕೆಳಗೆ, ನೀವು ಬಾಗಿಲು ತೆರೆದಿಟ್ಟ ಅಷ್ಟೂ ಹೊತ್ತು ಒಳಗಿನ ಚಳಿ ಹೊರಗೆ ಹರಿಯುತ್ತಿರುತ್ತದೆ. ಅಸ್ತಮಾ ಇರುವವರು ಹೊರಗೇ ಉಳಿಯಲಿ.

7. ವಾಪಸ್ ಬಸ್‌ನಲ್ಲಿ

ಮನೆಗೆ ಹೋಗಿ ರಿಪೋರ್ಟ್ ಬರೆಯುತ್ತೇವೆ ಅನ್ನುವವರು ಬರೆಯುವುದಿಲ್ಲ. ಬಸ್ ಹೊರಟ ತಕ್ಷಣ ಪ್ರತಿಯೊಬ್ಬರೂ ಮೂರು ಸಾಲು ಬರೆದು ಗ್ರೂಪಿಗೆ ಹಾಕಲಿ. ಅದರಲ್ಲಿ ಒಂದು ಸಾಲು ಸೋಮವಾರದಿಂದ ನಮ್ಮಲ್ಲಿ ಏನು ಬದಲಾಯಿಸುತ್ತೇನೆ ಅನ್ನುವುದಾಗಿರಲಿ.

8. ಥ್ಯಾಂಕ್ಸ್

ಗಾಜಿನ ಫಲಕ, ಶಾಲು ಬೇಡ. ಆತಿಥೇಯರ ಕಪಾಟಿನಲ್ಲಿ ಅಂಥವು ಆಗಲೇ ಬೇಕಾದಷ್ಟಿವೆ. ಹೊರಗಿನವರ ಕಣ್ಣಿಗೆ ಕಂಡ ಎರಡು ಒಳ್ಳೆಯದು, ಎರಡು ಕೊರತೆ ಬರೆದು ಒಂದು ಪುಟ ಕಳಿಸಿ. ಹೆಚ್ಚಿನವರು ಅದನ್ನು ಖುಷಿಯಿಂದಲೇ ತೆಗೆದುಕೊಳ್ಳುತ್ತಾರೆ. ಮುಂದಿನ ಸಲ ನಾವು ನಿಮ್ಮಲ್ಲಿಗೆ ಬರುತ್ತೇವೆ ಅಂತಲೂ ಅನ್ನಬಹುದು. ಒಪ್ಪಿಕೊಳ್ಳಿ. ಆದರೆ ಅದಕ್ಕೆ ಮೊದಲು ನಿಮ್ಮ ಗೇಟಿನ ರಿಜಿಸ್ಟರ್ ಒಂದು ಸಲ ತೆಗೆದು ನೋಡಿ.