ನಲ್ಲಿ ನೀರು ಗಡಸಿದ್ರೆ ಏನ್ ಮಾಡೋದು: ಹೊಸದಾಗಿ ಬಂದಿರೋರಿಗೆ

ಹೊಸದಾಗಿ ಬಂದು ಮನೆ ಹಿಡಿದಿರೋ ಎಲ್ಲರಿಗೂ ನಮಸ್ಕಾರ. ಬಂದು ಎರಡು ಮೂರು ವಾರ ಆಗೋ ಅಷ್ಟರಲ್ಲಿ ಯಾರಾದ್ರೂ ಒಬ್ರು ಫೋನ್ ಮಾಡಿ ಕೇಳೇ ಕೇಳ್ತಾರೆ, ಕೆಟಲ್ ಒಳಗೆ ಬಿಳಿ ಬಿಳಿ ಚೂರು ತೇಲ್ತಿದೆ, ಈ ನೀರು ಕುಡೀಬಹುದಾ ಅಂತ. ಕುಡೀಬಹುದು, ಏನೂ ಆಗಲ್ಲ. ನಾವು ಬಂದ ಹೊಸದರಲ್ಲಿ ಕೆಟಲ್ ಕೋಟಿಂಗೇ ಎದ್ದು ಬರ್ತಿದೆ ಅನ್ಕೊಂಡು ಅಂಗಡಿಗೆ ವಾಪಸ್ ಕೊಟ್ಟು ಬೇರೆ ತಂದಿದ್ವಿ, ಹದಿನೈದು ದಿನಕ್ಕೆ ಅದರಲ್ಲೂ ಅದೇ ಚೂರು, ಆಮೇಲೆ ಪಕ್ಕದ ಮನೆಯವ್ರು ನಕ್ಕು ಹೇಳಿದ್ರು, ತಪ್ಪು ಕೆಟಲ್‌ದಲ್ಲ, ನೀರಿಂದು.

ನೆಲದೊಳಗೆ ಸುಣ್ಣಕಲ್ಲಿನ ಪದರ ಇರೋ ಕಡೆ ನೀರು ಅದರ ಮೂಲಕ ಇಳಿದು ಬರುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸ್ಕೊಂಡು ಬರತ್ತೆ, ಇದಕ್ಕೇ ಗಡಸು ನೀರು ಅನ್ನೋದು. ತಣ್ಣಗಿರೋ ತನಕ ಕಣ್ಣಿಗೆ ಕಾಣಲ್ಲ, ಕಾಯಿಸಿದ ತಕ್ಷಣ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳ ಹಿಡಿಯತ್ತೆ. ಇದೊಂದು ತಲೇಲಿಟ್ಕೊಳ್ಳಿ, ಎಲ್ಲೆಲ್ಲಿ ನೀರು ಬಿಸಿ ಆಗತ್ತೋ, ಎಲ್ಲೆಲ್ಲಿ ಹನಿ ಒಣಗತ್ತೋ ಅಲ್ಲೆಲ್ಲ ಕಾಟ: ಕೆಟಲ್, ಗೀಸರ್, ಡಿಶ್‌ವಾಷರ್, ಶವರ್ ಗಾಜು, ನಲ್ಲಿ ಬಾಯಿ.

ಏನಾದ್ರೂ ಕೊಳ್ಳೋಕೆ ಮುಂಚೆ ನಿಮ್ಮ ನೀರಿನ ಗಡಸುತನ ಎಷ್ಟು ಅಂತ ತಿಳ್ಕೊಳ್ಳಿ. ನೀರು ಸರಬರಾಜು ಮಾಡೋರ ವೆಬ್‌ಸೈಟಲ್ಲಿ ಸಾಮಾನ್ಯವಾಗಿ ಇರತ್ತೆ, ಇಲ್ಲಾಂದ್ರೆ ಅದ್ದಿ ನೋಡೋ ಪಟ್ಟಿ ಸಿಗತ್ತೆ. ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 60 ಮಿಲಿಗ್ರಾಂ ಒಳಗಿದ್ರೆ ಮೃದು, 120 ದಾಟಿದ್ರೆ ಗಡಸು, 180 ದಾಟಿದ್ರೆ ತುಂಬಾ ಗಡಸು. ತಲೆನೋವು ಏನಂದ್ರೆ ಒಂದೊಂದು ಕಡೆ ಒಂದೊಂದು ಅಳತೆ, ಅಮೆರಿಕದ ಗ್ಯಾಲನ್ನಿಗೆ 1 ಗ್ರೇನ್ ಅಂದ್ರೆ ಲೀಟರಿಗೆ 17.1 ಮಿಲಿಗ್ರಾಂ, 1 ಜರ್ಮನ್ ಡಿಗ್ರಿ 17.8, ಫ್ರೆಂಚ್ ಡಿಗ್ರಿ ಬರೀ 10, ಹಾಗಾಗಿ ಯಾರಾದ್ರೂ 'ನಮ್ದು 20' ಅಂದ್ರೆ ಯಾವ 20 ಅಂತ ಕೇಳಿ. ಇನ್ನೊಂದು, ಟಿಡಿಎಸ್ ಮೀಟರ್ ತಂದು ಗಡಸುತನ ಅಳೀತೀನಿ ಅಂತ ಹೊರಡಬೇಡಿ. ಅದು ಕರಗಿರೋ ಎಲ್ಲಾ ಲವಣ ಸೇರಿಸಿ ತೋರ್ಸತ್ತೆ, ಸಾಫ್ಟ್‌ನರ್ (ನೀರಿನ ಗಡಸುತನ ತೆಗೆಯೋ ಯಂತ್ರ) ಹಾಕಿದ ಮೇಲೂ ಅದರಲ್ಲಿ ನಂಬರ್ ಹೆಚ್ಚುಕಮ್ಮಿ ಅಷ್ಟೇ ಇರತ್ತೆ, ಸುಮ್ನೆ ಪ್ಲಂಬರ್ ಹತ್ರ ಜಗಳ.

ಕೆಟಲ್‌ಗೆ ಸಿಟ್ರಿಕ್ ಆಸಿಡ್ ಬೆಸ್ಟ್. ಅರ್ಧ ನೀರು ತುಂಬಿ ಕುದಿಸಿ, ಸ್ವಿಚ್ ಆಫ್ ಮಾಡಿ, ಒಂದೆರಡು ಚಮಚ ಹಾಕಿ, ಬುಸ್ ಅಂತ ನೊರೆ ಬರತ್ತೆ, ಅರ್ಧ ಗಂಟೆ ಬಿಟ್ಟು ತೊಳೆದ್ರೆ ಹೊಸದರ ಥರ. ಶವರ್ ತೂತು ಕಟ್ಕೊಂಡು ನೀರು ಅಡ್ಡಾದಿಡ್ಡಿ ಚಿಮ್ತಿದ್ರೆ ಪ್ಲಾಸ್ಟಿಕ್ ಕವರಲ್ಲಿ ಬಿಳಿ ವಿನೆಗರ್ ಹಾಕಿ ಶವರ್ ತಲೆ ಮುಳುಗೋ ಹಾಗೆ ರಬ್ಬರ್ ಬ್ಯಾಂಡ್ ಸುತ್ತಿ ಒಂದರ್ಧ ಗಂಟೆ ಬಿಡಿ, ಆಮೇಲೆ ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ. ರಾತ್ರಿಯೆಲ್ಲಾ ಬಿಡಬೇಡಿ, ನಾನು ಬಿಟ್ಟು ಹೊಳಪೆಲ್ಲಾ ಹೋಗಿ ಕೂತಿದೆ, ಬಾಡಿಗೆ ಮನೆ ಬೇರೆ. ಮಾರ್ಬಲ್ ಮೇಲೆ ವಿನೆಗರ್ ಬೀಳೋ ಹಾಗಿಲ್ಲ, ಕಲ್ಲನ್ನೇ ತಿನ್ನತ್ತೆ. ವಿನೆಗರನ್ನಾಗ್ಲಿ ಸಿಟ್ರಿಕ್ ಆಸಿಡ್ಡನ್ನಾಗ್ಲಿ ಬ್ಲೀಚ್ ಜೊತೆ ಬೆರೆಸಲೇಬೇಡಿ, ಕ್ಲೋರಿನ್ ಗ್ಯಾಸ್ ಬರತ್ತೆ, ಮುಚ್ಚಿದ ಬಾತ್‌ರೂಮಲ್ಲಿ ಅದು ತಮಾಷೆ ಅಲ್ಲ. ಇಷ್ಟೆಲ್ಲಾ ಬೇಡ ಅಂದ್ರೆ ಸ್ನಾನ ಆದ ತಕ್ಷಣ ವೈಪರಲ್ಲಿ ಗಾಜು ಎಳೆದುಬಿಡಿ, ಹನಿ ಒಣಗದೇ ಇದ್ರೆ ಕಲೆ ಎಲ್ಲಿಂದ ಬರತ್ತೆ.

ಡಿಶ್‌ವಾಷರ್ ಒಳಗೆ, ತಳದಲ್ಲಿ, ದೊಡ್ಡ ಮುಚ್ಚಳ ಇದ್ಯಾ ನೋಡಿ. ಇದ್ರೆ ಅದು ಉಪ್ಪಿಗೆ, ಮೆಶಿನ್ ಒಳಗಿರೋ ಪುಟ್ಟ ಸಾಫ್ಟ್‌ನರ್‌ಗೆ ಬೇಕಾಗೋದು. ಡಿಶ್‌ವಾಷರ್ ಉಪ್ಪೇ ಬೇಕು, ಅಡುಗೆ ಪುಡಿ ಉಪ್ಪು ಸುರೀಬೇಡಿ, ಮತ್ತೆ ಮೆಶಿನ್ ಸೆಟ್ಟಿಂಗಲ್ಲಿ ಗಡಸುತನದ ನಂಬರ್ ಹಾಕ್ಬೇಕು, ಇದನ್ನ ಮುಕ್ಕಾಲು ಜನ ಮಾಡೋದೇ ಇಲ್ಲ. ಲೋಟ ಮಬ್ಬಾಗಿದ್ರೆ ಒಂದನ್ನ ವಿನೆಗರಲ್ಲಿ ಅದ್ದಿ, ಕಲೆ ಹೋದ್ರೆ ಸುಣ್ಣ, ಹೋಗ್ಲಿಲ್ಲ ಅಂದ್ರೆ ಗಾಜೇ ಸವೆದಿದೆ, ಅದಕ್ಕೆ ಮದ್ದಿಲ್ಲ. ಬಟ್ಟೆ ವಿಷಯಕ್ಕೆ ಬಂದ್ರೆ ಟವಲ್ ಹಪ್ಪಳದ ಥರ ಆಗೋದು, ಬಿಳಿ ಬಟ್ಟೆ ಮಂಕಾಗೋದು ಎಲ್ಲಾ ಇದರಿಂದಾನೇ, ಡಿಟರ್ಜೆಂಟ್ ಡಬ್ಬಿ ಹಿಂದೆ ಗಡಸು ನೀರಿಗೆ ಬೇರೆ ಅಳತೆ ಕೊಟ್ಟಿದ್ರೆ ಅಷ್ಟು ಹಾಕಿ.

ಕೂದಲು ಉದುರ್ತಿದೆ ಅಂತ ಎಲ್ಲರೂ ನೀರಿಗೇ ಬೈಯ್ತಾರೆ. ಕೂದಲು ಒರಟಾಗತ್ತೆ, ಸೋಪು ಮೈಗೆ ಅಂಟಿದ ಹಾಗೆ ಇರತ್ತೆ, ಅದು ನಿಜ. ಆದ್ರೆ ಊರು ಬದಲು, ಹವೆ ಬದಲು, ನಿದ್ದೆ ಇಲ್ಲ, ಕೆಲಸದ ಟೆನ್ಷನ್, ಇವನ್ನೆಲ್ಲಾ ಬಿಟ್ಟು ನಲ್ಲಿ ಒಂದನ್ನೇ ಹಿಡ್ಕೊಂಡ್ರೆ ಹೇಗೆ? ಶವರಿಗೆ ಸಿಗಿಸೋ ಫಿಲ್ಟರ್ ಕ್ಲೋರಿನ್ ತಗ್ಗಿಸಬಹುದು, ಗಡಸುತನ ತೆಗೆಯತ್ತೆ ಅಂತ ನಂಬಿ ದುಡ್ಡು ಕೊಡಬೇಡಿ. ಮಕ್ಕಳ ಎಕ್ಸಿಮಾಗೆ ಸಾಫ್ಟ್‌ನರ್ ಹಾಕ್ಸಿ ಅಂತಾರೆ, ಇಂಗ್ಲೆಂಡಲ್ಲಿ 336 ಮಕ್ಕಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದರಿಂದ ಹೆಚ್ಚಿನ ಉಪಯೋಗ ಕಾಣ್ಲಿಲ್ಲ. ಕುಡಿಯೋದಕ್ಕೂ ಅಷ್ಟೇ, ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಲೆಕ್ಕದಲ್ಲಿ ಮಿತಿ ಅಂತ ಹಾಕೇ ಇಲ್ಲ.

ಇನ್ನು ಸಾಫ್ಟ್‌ನರ್. ಬಾಡಿಗೆಯವ್ರಿಗೆ ಇದು ಬೇಡದ ತಲೆನೋವು, ಸ್ವಂತ ಮನೆ ಇದ್ದು ನೀರು 180 ದಾಟಿದ್ರೆ ಯೋಚ್ನೆ ಮಾಡಿ. ಮನೆ ಬಾಗಿಲಿಗೇ ಬಂದು ನಿಮ್ಮ ನೀರಿಗೆ ಎರಡು ಕಡ್ಡಿ ಇಳಿಬಿಟ್ಟು ಕರೆಂಟ್ ಕೊಟ್ಟು, ಕಂದು ಬಣ್ಣದ ಕೊಚ್ಚೆ ತೋರಿಸಿ 'ನೋಡಿ ಇದನ್ನೇ ನೀವು ಕುಡೀತಿರೋದು' ಅನ್ನೋರು ಸಿಗ್ತಾರೆ, ನಮ್ಮನೆಗೂ ಒಬ್ಬ ಬಂದಿದ್ದ. ಆ ಬಣ್ಣ ಬರೋದು ಕಡ್ಡಿಯ ಕಬ್ಬಿಣ ಕರಗಿ. ನಗ್ತಾ ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿ. ಕೆಲವು ಊರಲ್ಲಿ ಉಪ್ಪಿನ ಸಾಫ್ಟ್‌ನರ್ ಹಾಕೋ ಹಾಗೇ ಇಲ್ಲ, ಅದನ್ನೂ ವಿಚಾರಿಸ್ಕೊಳ್ಳಿ. ಹಾಕ್ಸೋದಾದ್ರೆ ಅಡುಗೆಮನೆ ತಣ್ಣೀರು ನಲ್ಲಿ, ಗಿಡದ ಪೈಪು ಎರಡನ್ನೂ ಅದರಿಂದ ಬಿಡ್ಸಿ, ಯಾಕಂದ್ರೆ ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡತ್ತೆ, ಉಪ್ಪು ಕಮ್ಮಿ ಮಾಡಿ ಅಂತ ಡಾಕ್ಟರ್ ಹೇಳಿರೋರು, ಹಸುಗೂಸು ಇರೋರು ಮನೇಲಿದ್ರೆ ಮರೀಲೇಬೇಡಿ.

ಮೊದಲನೇ ಸಲ ರಾತ್ರಿ ಎರಡು ಗಂಟೆಗೆ ಗ್ಯಾರೇಜಲ್ಲಿ ಗಳಗಳ ನೀರು ಹರಿಯೋ ಸದ್ದು ಕೇಳಿದ್ರೆ ಪೈಪ್ ಒಡೀತು ಅಂತ ಎದ್ದು ಓಡ್ಬೇಡಿ, ಸಾಫ್ಟ್‌ನರ್ ತನ್ನಷ್ಟಕ್ಕೆ ತಾನು ಉಪ್ಪುನೀರಲ್ಲಿ ತೊಳ್ಕೊಳ್ತಿರತ್ತೆ. ಆದ್ರೆ ತಿಂಗಳಾದ್ರೂ ಅದರ ತೊಟ್ಟಿಗೆ ಹಾಕಿದ ಉಪ್ಪು ಕಮ್ಮಿ ಆಗ್ಲಿಲ್ಲ ಅಂದ್ರೆ ಮಾತ್ರ ಅನುಮಾನ ಪಡಿ. ನಾವು ಮೂರು ತಿಂಗಳು ಆಹಾ ಎಂಥಾ ಉಳಿತಾಯ ಅಂತ ಖುಷಿಯಾಗಿದ್ವಿ, ಅಷ್ಟರಲ್ಲಿ ಲೋಟ ಮತ್ತೆ ಬೆಳ್ಳಗೆ. ಪೊರಕೆ ಹಿಡಿಯಲ್ಲಿ ಮೆಲ್ಲಗೆ ಕುಟ್ಟಿ ನೋಡಿದ್ರೆ ಮೇಲೆ ಉಪ್ಪು ಹೆಪ್ಪುಗಟ್ಟಿ ಸೇತುವೆ ಥರ ನಿಂತಿದೆ, ಕೆಳಗೆ ಪೂರ್ತಿ ಟೊಳ್ಳು.