ಅಂಗಳದಲ್ಲಿ ಬಟ್ಟೆ ಕಂಬ ನೆಟ್ಟದ್ದು: ನನ್ನ ಅನುಭವ

ಬಟ್ಟೆ ಕಂಬವನ್ನು ಕೆಡವುವುದು ಹಗ್ಗದ ಅಡ್ಡ ಎಳೆತ. ಬಟ್ಟೆಯ ತೂಕ ಎಷ್ಟು ಅಂತ ಎಲ್ಲರೂ ಯೋಚಿಸುತ್ತಾರೆ, ಹಗ್ಗ ಎಷ್ಟು ಬಿಗಿಯಾಗಿದೆ ಅಂತ ಯಾರೂ ನೋಡುವುದಿಲ್ಲ. ಲೆಕ್ಕ ಹೀಗಿದೆ. 6 ಮೀಟರ್ ಉದ್ದದ ಹಗ್ಗದ ಮೇಲೆ ಒದ್ದೆ ಬಟ್ಟೆ 10 ಕೆಜಿ ಹರಡಿದೆ ಅಂದುಕೊಳ್ಳಿ. ನಡುವಲ್ಲಿ 20 ಸೆಂ.ಮೀ. ಜೋತರೆ ಕಂಬದ ತಲೆಗೆ ಬೀಳುವ ಎಳೆತ ಸುಮಾರು 37 ಕೆಜಿ. ಅದೇ ಹಗ್ಗವನ್ನು ವೀಣೆಯ ತಂತಿ ಹಾಗೆ ಬಿಗಿದು 5 ಸೆಂ.ಮೀ. ಮಾತ್ರ ಜೋಲುವಂತೆ ಮಾಡಿದರೆ 150 ಕೆಜಿ! ಬಟ್ಟೆ ಅಷ್ಟೇ ಇದೆ, ಎಳೆತ ನಾಲ್ಕು ಪಟ್ಟು. ನಮಗೆ ಮೂರು ಸಾಲು ಹಗ್ಗ ಬೇಕಿತ್ತು, ಅಂದರೆ ಇದರ ಮೂರರಷ್ಟು.

ನಮ್ಮ ಮನೆ ಉಡುಪಿ ಜಿಲ್ಲೆಯ ಕಾಪುವಿನಲ್ಲಿ, ಹೆದ್ದಾರಿಯಿಂದ ಮೂಡು ಬದಿಗೆ. ಕಡಲ ಗಾಳಿ ಧಾರಾಳ ಬರುತ್ತದೆ, ಅದರ ಜೊತೆ ಉಪ್ಪೂ ಬರುತ್ತದೆ. ಮೊದಲು ತೆಂಗಿನ ಮರಕ್ಕೂ ಒಂದು ಅಡಿಕೆ ಕಂಬಕ್ಕೂ ಹಗ್ಗ ಕಟ್ಟಿದ್ದೆವು. ಅಡಿಕೆ ಕಂಬ ಬುಡದಲ್ಲಿ ಕುಂಬಾಯಿತು. ಇನ್ನು ತೆಂಗಿನ ಮರದಡಿ ಬಿಳಿ ಪಂಚೆ ಒಣಹಾಕಿದರೆ ಕಾಗೆಗಳ ಕೃಪೆ ಬೇರೆ.

ಪೈಪು ಎರಡೂವರೆ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ), ಬಿ ಕ್ಲಾಸ್, ಅಂದರೆ ಮಧ್ಯಮ ದಪ್ಪದ್ದು. ಅಂಗಡಿಯಲ್ಲಿ ನೀಲಿ ಪಟ್ಟಿ ಇರುವುದು ಬಿ ಕ್ಲಾಸ್, ಹಳದಿ ಎ, ಕೆಂಪು ಸಿ. ಎರಡು ಇಂಚು ಸಾಕು ಅಂತ ಅಂಗಡಿಯವರು ಹೇಳಿದರು. ಒಂದು ಸಾಲಿಗೆ ಸಾಕು, ನಿಜ. ಆದರೆ ಮೂರು ಸಾಲು ತುಂಬಾ ಬೆಡ್‌ಶೀಟು, ಬೈರಾಸು ಬಿದ್ದ ದಿನ ಅದು ಬಾಗುವ ಹಂತಕ್ಕೇ ಬರುತ್ತದೆ. ಒಂದು ಲೆಂತ್ ಅಂದರೆ 20 ಅಡಿ, ಅರ್ಧ ಮಾಡಿದರೆ ತಲಾ 10 ಅಡಿಯ ಎರಡು ಕಂಬ: ನೆಲದೊಳಗೆ 3 ಅಡಿ, ಮೇಲೆ 7 ಅಡಿ, ಒಂದಿಂಚೂ ವೇಸ್ಟ್ ಇಲ್ಲ.

ವೆಲ್ಡಿಂಗ್ ಶಾಪಿನಲ್ಲಿ ಪ್ರತಿ ಕಂಬದ ತಲೆಗೆ 3 ಅಡಿಯ ಅಡ್ಡ ಪೈಪು ಹಾಕಿಸಿದೆ, ಅದಕ್ಕೆ ಹಗ್ಗ ಕಟ್ಟಲು ಮೂರು ಐ ಬೋಲ್ಟ್ (ತಲೆಯಲ್ಲಿ ಬಳೆ ಇರುವ ಬೋಲ್ಟ್). ಅಡ್ಡ ಪೈಪಿನ ಎರಡೂ ತುದಿ ಮುಚ್ಚಿಸಲೇಬೇಕು. ಇಲ್ಲದಿದ್ದರೆ ಮಳೆನೀರು ಒಳಗಿಳಿಯುತ್ತದೆ, ಬೇಸಗೆಯಲ್ಲಿ ಕಡಜ ಗೂಡು ಕಟ್ಟುತ್ತದೆ. ಬುಡದ ಹತ್ತಿರ 12 ಎಂಎಂ ಸರಳಿನ ಎರಡು ತುಂಡನ್ನು ಪ್ಲಸ್ ಆಕಾರದಲ್ಲಿ ಬೆಸೆಸಿದೆ. ಯಾಕೆಂದರೆ ಒಂದೇ ಬದಿಯ ಹಗ್ಗಕ್ಕೆ ಬಟ್ಟೆ ಹಾಕಿದಾಗ ಅಡ್ಡ ಪೈಪು ಇಡೀ ಕಂಬವನ್ನು ತಿರುಚುತ್ತದೆ, ನುಣ್ಣಗಿನ ಪೈಪು ಕಾಂಕ್ರೀಟಿನೊಳಗೇ ನಿಧಾನಕ್ಕೆ ತಿರುಗಲು ಶುರುವಾಗುತ್ತದೆ.

ಬೆಸುಗೆ ಹಾಕಿದ ಕಡೆ ಸತುವಿನ ಲೇಪ ಸುಟ್ಟುಹೋಗಿರುತ್ತದೆ. ತುಕ್ಕು ಅಲ್ಲಿಂದಲೇ ಶುರು. ಬರೀ ಸಿಲ್ವರ್ ಪೇಂಟ್ ಬಳಿದು ಕೊಡುತ್ತಾರೆ, ಒಪ್ಪಬೇಡಿ. ತಂತಿ ಬ್ರಷ್‌ನಲ್ಲಿ ಉಜ್ಜಿ, ಜಿಂಕ್ ಇರುವ ಕೋಲ್ಡ್ ಗ್ಯಾಲ್ವನೈಸಿಂಗ್ ಪೇಂಟನ್ನು ಎರಡು ಕೋಟು ಬಳಿದೆ.

ಗುಂಡಿ ತೋಡಲು ದೀಪಾವಳಿ ಕಳೆದ ಸಮಯ ಒಳ್ಳೆಯದು. ಮಳೆ ನಿಂತಿರುತ್ತದೆ, ಮಣ್ಣಿನ ತೇವ ಆರಿರುವುದಿಲ್ಲ. ನಮ್ಮಲ್ಲಿ ಒಂದಡಿ ಮಣ್ಣು, ಕೆಳಗೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು). ಪಿಕ್ಕಾಸಿನಲ್ಲಿ ಚೂರುಚೂರೇ ಎಬ್ಬಿಸಿ ತೆಗೆದೆ, ಕೈ ಬೊಬ್ಬೆ ಬಂತು. ಆದರೆ ಮುರಕಲ್ಲಿನ ಗುಂಡಿಯ ಗೋಡೆ ಕುಸಿಯುವುದಿಲ್ಲ, ಕಾಂಕ್ರೀಟನ್ನು ಗಟ್ಟಿಯಾಗಿ ಹಿಡಿಯುತ್ತದೆ. ಮಲ್ಪೆ ಕಡೆಯ ಹಾಗೆ ಬರೀ ಹೊಯಿಗೆ (ಮರಳು) ಇದ್ದರೆ ಗುಂಡಿ ಇನ್ನೂ ಅಗಲ, ಇನ್ನೂ ಆಳ ಬೇಕು. ನನ್ನ ಗುಂಡಿಯ ಅಗಲ ಒಂದೂಕಾಲು ಅಡಿ, ಕೆಳಗೆ ಸ್ವಲ್ಪ ಜಾಸ್ತಿ. ತಳಕ್ಕೆ ನಾಲ್ಕಿಂಚು ಜಲ್ಲಿ ಹಾಕಿ ಪೈಪನ್ನು ಅದರ ಮೇಲೆ ನಿಲ್ಲಿಸಿದೆ, ಒಳಗೆ ನೀರು ಬೆವರಿದರೂ ಇಳಿದು ಹೋಗಲಿ ಅಂತ.

ಕಾಂಕ್ರೀಟು 1:2:4 (ಸಿಮೆಂಟು, ಮರಳು, ಜಲ್ಲಿ), ನೀರು ಕಮ್ಮಿ. ಸರಳಿನಿಂದ ಚುಚ್ಚಿ ಚುಚ್ಚಿ ತುಂಬಿಸಬೇಕು, ಸುಮ್ನೆ ಸುರಿದರೆ ಒಳಗೆ ಪೊಳ್ಳು ಉಳಿಯುತ್ತದೆ. ಕಂಬಗಳನ್ನು ಪೂರ್ತಿ ನೆಟ್ಟಗೆ ನಿಲ್ಲಿಸಲಿಲ್ಲ, ತಲೆಯಲ್ಲಿ ಒಂದಿಂಚು ಹೊರಗೆ ವಾಲಿಸಿ ಮೂರು ಕಡೆ ಬಿದಿರಿನ ಆಧಾರ ಕೊಟ್ಟೆ. ಹಗ್ಗ ಎಳೆದ ಮೇಲೆ ನೋಡಲು ನೇರ ಕಾಣುತ್ತದೆ.

ಇನ್ನು ನೆಲಮಟ್ಟ. ನಮ್ಮೂರಲ್ಲಿ ವರ್ಷಕ್ಕೆ 3500 ಮಿ.ಮೀ.ಗಿಂತ ಜಾಸ್ತಿ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಲ್ಲಿ ಕಬ್ಬಿಣದ ಕಂಬ ಮುರಿಯುವುದು ಯಾವಾಗಲೂ ಮಣ್ಣು ಮುಟ್ಟುವ ಆ ಎರಡಿಂಚಿನಲ್ಲಿ. ಪಕ್ಕದ ಯಾವುದಾದರೂ ಹಳೇ ಗೇಟಿನ ಕಂಬ ನೋಡಿ, ಗೊತ್ತಾಗುತ್ತದೆ. ಹಾಗಾಗಿ ಕಾಂಕ್ರೀಟನ್ನು ಅಂಗಳಕ್ಕಿಂತ ನಾಲ್ಕಿಂಚು ಮೇಲೆ ತಂದು, ನೀರು ಜಾರಿ ಹೋಗುವಂತೆ ಸುತ್ತಲೂ ಇಳಿಜಾರು ಮಾಡಿದೆ. ಪೈಪು ಕಾಂಕ್ರೀಟಿಗೆ ಸೇರುವ ಸಂದಿಗೆ ಸೀಲಂಟ್. ಒಂದು ವಾರ ಗೋಣಿ ಸುತ್ತಿ ನೀರು ಹಾಕಬೇಕು. ಹಗ್ಗಕ್ಕೆ ಇನ್ನೂ ಕಾಯುವುದು ಒಳ್ಳೆಯದು, ಕಾಂಕ್ರೀಟಿಗೆ ಪೂರ್ತಿ ಬಲ ಬರಲು 28 ದಿನ ಅಂತ ಲೆಕ್ಕ.

ಸಾಲು ತೆಂಕು-ಬಡಗು. ಮಧ್ಯಾಹ್ನದ ಪಡುಗಾಳಿ ಬಟ್ಟೆಗೆ ಎದುರಾಗಿ ಬೀಸುತ್ತದೆ, ಬೇಗ ಒಣಗುತ್ತದೆ.

ಹಗ್ಗಕ್ಕೆ 8 ಎಂಎಂ ನೈಲಾನ್. ಪ್ಲಾಸ್ಟಿಕ್ ಹೊದಿಸಿದ ತಂತಿ ಚೆಂದ ಕಾಣುತ್ತದೆ, ಆದರೆ ಕತ್ತರಿಸಿದ ತುದಿಯಿಂದ ಒಳಗೊಳಗೇ ತುಕ್ಕು ಹಿಡಿದು ಬಟ್ಟೆಗೆ ಕಂದು ಕಲೆ ಬಿಡುತ್ತದೆ, ಆ ಕಲೆ ಹೋಗುವುದಿಲ್ಲ. ನೈಲಾನ್ ಒದ್ದೆಯಾದರೆ ಸ್ವಲ್ಪ ಹಿಗ್ಗಿ ಜೋಲುತ್ತದೆ ಅಂತ ದೂರುವವರಿದ್ದಾರೆ. ಜೋಲಲಿ ಬಿಡಿ, ಕಂಬಕ್ಕೆ ಅಷ್ಟು ಆರಾಮ! ಸೀರೆ ನೆಲ ಮುಟ್ಟುವಂತಿದ್ದರೆ ನಡುವಲ್ಲಿ ಒಂದು ಕವೆಗೋಲು ಕೊಟ್ಟರಾಯಿತು. ಮೇ ಕೊನೆಗೆ ಹಗ್ಗ ಬಿಚ್ಚಿ ಒಳಗಿಡುತ್ತೇನೆ, ಮಳೆಗಾಲದಲ್ಲಿ ಬಟ್ಟೆ ಹೇಗೂ ಜಗಲಿಯಲ್ಲೇ ಅಲ್ವಾ. ಖಾಲಿ ಕಂಬ ನೋಡಿ ಅಮ್ಮ ಅದಕ್ಕೆ ಬಸಳೆ ಹಬ್ಬಿಸುವ ಮಾತೆತ್ತಿದ್ದಾರೆ. ಬುಡದಲ್ಲಿ ಸದಾ ಒದ್ದೆ ನಿಲ್ಲುತ್ತದೆ ಅಂತ ಹೇಳಿ ಬಸಳೆಗೆ ಬೇರೆ ಚಪ್ಪರ ಹಾಕಿಕೊಡಲು ಒಪ್ಪಿದ್ದೇನೆ.